ಅಪಾರ್ಟ್‌ಮೆಂಟಿನ ನೀರಿನ ಖರ್ಚು: ಚದರಡಿಯ ಲೆಕ್ಕವೇ, ತಲೆಯ ಲೆಕ್ಕವೇ, ಮೀಟರಿನ ಲೆಕ್ಕವೇ?

ಪ್ರಶ್ನೆ: ಪೂರ್ವ ಬೆಂಗಳೂರಿನ ನಿವಾಸಿ

ಎಲ್ಲರಿಗೂ ನಮಸ್ಕಾರ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ವ್ಯಾಪ್ತಿಯಲ್ಲಿ ನಮ್ಮ ಅಪಾರ್ಟ್‌ಮೆಂಟ್ ಇದೆ. ಒಟ್ಟು ಅರವತ್ತು ಮನೆಗಳಿದ್ದು, ಅವುಗಳಲ್ಲಿ ಹೆಚ್ಚಿನವು ಎರಡು ಬೆಡ್‌ರೂಮಿನವು, ಉಳಿದವು ಮೂರು ಬೆಡ್‌ರೂಮಿನವು. ಬಹುಕಾಲ ನಾವು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿಕೊಂಡೇ ಬದುಕಿದವರು. 2024ರ ಅಕ್ಟೋಬರಿನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದ ಮೇಲೆ ನಾವೂ ಸಂಪರ್ಕ ಪಡೆದೆವು. ಈಗ ಕಾವೇರಿ ಮತ್ತು ಕೊಳವೆಬಾವಿ ಸೇರಿ ನಮ್ಮ ಅಗತ್ಯದ ಬಹುಪಾಲು ಪೂರೈಸುತ್ತವೆ, ಕೊರತೆ ಬಿದ್ದಷ್ಟಕ್ಕೆ ಟ್ಯಾಂಕರ್ ತರಿಸುತ್ತೇವೆ. ಬೇಸಿಗೆಯಲ್ಲಿ ಕೊಳವೆಬಾವಿ ಸೊರಗಿದಾಗ ಈ ಕೊರತೆ ದೊಡ್ಡದಾಗುತ್ತದೆ.

ಈವರೆಗೆ ನೀರಿನ ಖರ್ಚನ್ನೆಲ್ಲ ನಿರ್ವಹಣಾ ಶುಲ್ಕದಲ್ಲೇ ಸೇರಿಸಿ, ಮನೆಯ ಚದರಡಿಗೆ ಇಂತಿಷ್ಟು ಎಂದು ವಸೂಲಿ ಮಾಡುತ್ತಿದ್ದೇವೆ. ಇದರಿಂದಾಗಿ ಮೂರು ಬೆಡ್‌ರೂಮಿನ ಮನೆಯಲ್ಲಿರುವ ನಿವೃತ್ತ ದಂಪತಿ, ಎರಡು ಬೆಡ್‌ರೂಮಿನ ಮನೆಯಲ್ಲಿರುವ ಆರು ಜನರ ಕುಟುಂಬಕ್ಕಿಂತ ಹೆಚ್ಚು ಹಣ ಕೊಡುತ್ತಾರೆ. ಕಳೆದ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಬಂದಾಗ ಕೆಲವರು ಎಲ್ಲ ಮನೆಗಳಿಗೂ ಸಮನಾಗಿ ಹಂಚೋಣ ಎಂದರು, ಕೆಲವರು ತಲೆಗೆ ಇಷ್ಟು ಎಂದು ನಿಗದಿ ಮಾಡೋಣ ಎಂದರು, ಇನ್ನು ಕೆಲವರು ಪ್ರತಿ ಮನೆಗೂ ಮೀಟರ್ ಹಾಕದೆ ಈ ಜಗಳ ಮುಗಿಯುವುದಿಲ್ಲ ಎಂದರು. ಮಾತಿಗೆ ಮಾತು ಬೆಳೆದು, ವರ್ಷಗಳಿಂದ ಹಬ್ಬಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗಿಬರುತ್ತಿದ್ದವರು ಈಗ ಲಿಫ್ಟಿನಲ್ಲಿ ಮುಖ ತಿರುಗಿಸುವಂತಾಗಿದೆ. ಸಂಘದ ಪದಾಧಿಕಾರಿಯಾಗಿ ನನಗೆ ಹಣಕ್ಕಿಂತಲೂ ಇದೇ ಹೆಚ್ಚಿನ ಸಂಕಟವಾಗಿದೆ.

ಮೀಟರ್ ಅಳವಡಿಸಿಕೊಂಡವರು ತಮ್ಮ ಅನುಭವ ತಿಳಿಸಬೇಕೆಂದು ಕೋರುತ್ತೇನೆ. ನೀರಿನ ಬಳಕೆ ನಿಜಕ್ಕೂ ಕಡಿಮೆಯಾಯಿತೇ? ಹಳೆಯ ಕಟ್ಟಡದಲ್ಲಿ ಒಂದೊಂದು ಮನೆಗೆ ನಾಲ್ಕಾರು ಕಡೆಯಿಂದ ನೀರು ಒಳಬರುವಾಗ ಅಳೆಯುವುದು ಹೇಗೆ? ಚದರಡಿಯ ಲೆಕ್ಕವನ್ನು ಬಿಡುವುದಕ್ಕೆ ಕಾನೂನಿನ ತೊಡಕು ಏನಾದರೂ ಇದೆಯೇ?

ಉತ್ತರ 1: ಕನಕಪುರ ರಸ್ತೆಯ ಕಡೆಯ ಅಪಾರ್ಟ್‌ಮೆಂಟೊಂದರ ಖಜಾಂಚಿ

ಮೀಟರ್ ಹಾಕಿಸಿ ಎಂಬುದೇ ನನ್ನ ಸಲಹೆ. ಅದು ನ್ಯಾಯದ ಪ್ರಶ್ನೆ ಎಂದಷ್ಟೇ ಅಲ್ಲ, ಟ್ಯಾಂಕರಿನ ಲೆಕ್ಕವನ್ನು ಒಮ್ಮೆ ಕುಳಿತು ಬಿಡಿಸಿ ನೋಡಿದರೆ ಬೇರೆ ದಾರಿ ಕಾಣುವುದಿಲ್ಲ ಎಂಬ ಕಾರಣಕ್ಕೂ ಈ ಮಾತು ಹೇಳುತ್ತಿದ್ದೇನೆ.

ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಎಲ್ಲರೂ ಒಪ್ಪಿಕೊಂಡಿರುವ ಮಾನದಂಡ. ಮನೆಗೆ ನಾಲ್ವರಂತೆ ಹಿಡಿದರೆ ದಿನಕ್ಕೆ 540 ಲೀಟರ್, ತಿಂಗಳಿಗೆ 16,200 ಲೀಟರ್. ನಿಮ್ಮ ಅರವತ್ತು ಮನೆಗಳಿಗೆ ತಿಂಗಳಿಗೆ 9,72,000 ಲೀಟರ್. ಕಾವೇರಿ ಮತ್ತು ಕೊಳವೆಬಾವಿಯಿಂದ ಏಳು ಲಕ್ಷ ಲೀಟರ್ ಸಿಗುತ್ತದೆ ಎಂದು ಭಾವಿಸೋಣ. ಉಳಿದ 2,72,000 ಲೀಟರಿಗೆ 12,000 ಲೀಟರಿನ 23 ಟ್ಯಾಂಕರ್ ಬೇಕು. ಈಗ ಪ್ರತಿ ಮನೆಯೂ ತನ್ನ ಬಳಕೆಯಲ್ಲಿ ಐದನೇ ಒಂದು ಪಾಲನ್ನು ಉಳಿಸಿದರೆ ಒಟ್ಟು ಬೇಡಿಕೆ 7,77,600 ಲೀಟರಿಗೆ ಇಳಿಯುತ್ತದೆ, ಆಗ ಏಳು ಟ್ಯಾಂಕರ್ ಸಾಕು. ಬಳಕೆಯಲ್ಲಿ ಐದನೇ ಒಂದು ಭಾಗ ಕಡಿಮೆಯಾದರೆ ಟ್ಯಾಂಕರಿನ ಖರ್ಚಿನಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ, ಏಕೆಂದರೆ ಉಳಿಸಿದ ಪ್ರತಿಯೊಂದು ಲೀಟರೂ ಅತಿ ದುಬಾರಿಯಾದ ಮೂಲದಿಂದಲೇ ಕಳೆಯುತ್ತದೆ. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತವು 12,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 1,000 ರೂಪಾಯಿ, ಐದರಿಂದ ಹತ್ತು ಕಿಲೋಮೀಟರಿಗೆ 1,200 ರೂಪಾಯಿ ಎಂದು ದರವನ್ನು ನಿಗದಿಪಡಿಸಿತ್ತು. ಆ ದರದಲ್ಲೇ ಲೆಕ್ಕ ಹಾಕಿದರೂ ಲೀಟರಿಗೆ ಎಂಟರಿಂದ ಹತ್ತು ಪೈಸೆ ಬೀಳುತ್ತದೆ.

ಚದರಡಿಯ ಲೆಕ್ಕದಲ್ಲಿ ಈ ಉಳಿತಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ನೂರು ರೂಪಾಯಿಯ ನೀರು ಉಳಿಸಿದರೆ ಅದು ಅರವತ್ತು ಮನೆಗಳಿಗೆ ಹಂಚಿಹೋಗಿ ನನ್ನ ಪಾಲಿಗೆ ಎರಡು ರೂಪಾಯಿಯೂ ಬರುವುದಿಲ್ಲ. ಹೀಗಿರುವಾಗ ಸೋರುವ ಫ್ಲಷ್ ಟ್ಯಾಂಕನ್ನು ಇಂದೇ ರಿಪೇರಿ ಮಾಡಿಸಬೇಕು ಎಂದು ಯಾರಿಗೆ ಅನಿಸೀತು? ನಮ್ಮಲ್ಲಿ ಮೀಟರ್ ಬಂದ ಮೇಲೆ ಮೊದಲು ಗೊತ್ತಾದದ್ದು ಇದೇ. ಅತಿ ಹೆಚ್ಚು ನೀರು ಬಳಸಿದ ಮನೆಗಳಲ್ಲಿ ಹೆಚ್ಚು ಜನರಿರಲಿಲ್ಲ, ಸೋರಿಕೆ ಇತ್ತು. ಒಂದು ಮನೆಯವರು ಊರಿಗೆ ಹೋಗಿದ್ದಾಗಲೂ ಮೀಟರ್ ಓಡುತ್ತಿತ್ತು.

ಎಲ್ಲವನ್ನೂ ಲೀಟರಿನ ದರಕ್ಕೆ ಸೇರಿಸಲು ಮಾತ್ರ ಹೋಗಬೇಡಿ. ನಾವು ಬಿಲ್ಲನ್ನು ಎರಡು ಭಾಗ ಮಾಡಿದ್ದೇವೆ. ಪಂಪಿನ ವಿದ್ಯುತ್ತು, ಸಂಪು ಮತ್ತು ಓವರ್‌ಹೆಡ್ ಟ್ಯಾಂಕುಗಳ ಸ್ವಚ್ಛತೆ, ಕೊಳಚೆ ನೀರಿನ ಶುದ್ಧೀಕರಣ ಘಟಕದ ನಿರ್ವಹಣೆ, ಕೊಳವೆಬಾವಿಯ ರಿಪೇರಿ ಇವೆಲ್ಲ ಯಾರು ಎಷ್ಟು ನೀರು ಬಳಸಿದರೂ ಬರುವ ಖರ್ಚುಗಳು. ಅವು ಹಿಂದಿನಂತೆಯೇ ನಿರ್ವಹಣಾ ಶುಲ್ಕದಲ್ಲಿ ಉಳಿದಿವೆ. ಕಾವೇರಿ ಬಿಲ್ಲು ಮತ್ತು ಟ್ಯಾಂಕರಿನ ಹಣ ಮಾತ್ರ ಮೀಟರಿನ ಪ್ರಕಾರ ಹಂಚಿಕೆಯಾಗುತ್ತದೆ.

ಉತ್ತರ 2: ಕೂಡುಕುಟುಂಬದ ಗೃಹಿಣಿ, ಮಲ್ಲೇಶ್ವರ

ಮೇಲಿನವರ ಲೆಕ್ಕವನ್ನು ಗೌರವಿಸುತ್ತೇನೆ, ಆದರೆ ಅವರ ತೀರ್ಮಾನವನ್ನು ಒಪ್ಪಲಾರೆ. ನಮ್ಮ ಮನೆಯಲ್ಲಿ ಅತ್ತೆ, ಮಾವ, ಇಬ್ಬರು ಮಕ್ಕಳು ಸೇರಿ ಆರು ಜನರಿದ್ದೇವೆ. ಮಾವನವರು ಹಾಸಿಗೆ ಹಿಡಿದು ಬಹಳ ಕಾಲವಾಗಿದೆ. ಅವರ ಬಟ್ಟೆ, ಹೊದಿಕೆಗಳನ್ನು ಪ್ರತಿದಿನ ಒಗೆಯಬೇಕು, ಕೋಣೆಯನ್ನು ದಿನಕ್ಕೆರಡು ಬಾರಿ ಒರೆಸಬೇಕು. ಈ ನೀರನ್ನು ನಾನು ಹೇಗೆ ಉಳಿಸಲಿ? ಮೀಟರಿನ ಅಂಕಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ, ಅತಿ ಹೆಚ್ಚು ಬಳಸಿದ ಮನೆಗಳಿಗೆ ಕೆಂಪು ಗುರುತು ಮಾಡುವ ಅಪಾರ್ಟ್‌ಮೆಂಟುಗಳನ್ನು ನಾನು ಕಂಡಿದ್ದೇನೆ. ರೋಗಿಯನ್ನು ನೋಡಿಕೊಳ್ಳುವ ಮನೆಗೆ ಅದು ಶಿಕ್ಷೆಯಲ್ಲದೆ ಮತ್ತೇನು?

ಇಬ್ಬರೇ ಇರುವ ಮನೆಗಳವರು ತಾವು ಕಡಿಮೆ ಬಳಸುತ್ತೇವೆ ಎಂದು ಹೇಳುವಾಗ ಒಂದು ವಿಷಯವನ್ನು ಮರೆಯುತ್ತಾರೆ. ಹಗಲೆಲ್ಲ ಕಚೇರಿಯಲ್ಲಿದ್ದು, ಊಟವನ್ನು ಹೊರಗೆ ಮುಗಿಸಿ, ಬಟ್ಟೆಯನ್ನು ಲಾಂಡ್ರಿಗೆ ಕೊಡುವವರ ನೀರೂ ಎಲ್ಲೋ ಒಂದು ಕಡೆ ಖರ್ಚಾಗುತ್ತಲೇ ಇರುತ್ತದೆ, ಅದು ಅವರ ಮೀಟರಿನಲ್ಲಿ ಕಾಣುವುದಿಲ್ಲ ಅಷ್ಟೇ. ಮನೆಯಲ್ಲೇ ಅಡುಗೆ ಮಾಡಿ, ಮನೆಯಲ್ಲೇ ಹಿರಿಯರನ್ನು ನೋಡಿಕೊಳ್ಳುವವರು ತಲೆ ತಗ್ಗಿಸಬೇಕಾದ ಸ್ಥಿತಿ ಬರಬಾರದು.

ಮೀಟರಿಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಮಾಡಬೇಕಾದ ಕೆಲಸಗಳಿವೆ. 2009ರಿಂದಲೇ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ನಿಮ್ಮ ಕಟ್ಟಡದಲ್ಲಿ ಚಾವಣಿಯ ನೀರು ಸಂಪಿಗೆ ಬರುತ್ತಿದೆಯೇ, ಅಥವಾ ಚರಂಡಿಗೆ ಹೋಗುತ್ತಿದೆಯೇ? ಶುದ್ಧೀಕರಿಸಿದ ನೀರು ತೋಟಕ್ಕೂ ಫ್ಲಷ್‌ಗೂ ಬಳಕೆಯಾಗುತ್ತಿದೆಯೇ? ಮೊದಲು ಇವನ್ನು ವಿಚಾರಿಸಿ. ಅಲ್ಲಿಯವರೆಗೆ ತಲೆಯ ಲೆಕ್ಕವೇ ಸಾಕು.

ಉತ್ತರ 3: ಕೊಳಾಯಿ ಮತ್ತು ಪಂಪಿನ ಕೆಲಸದ ಎಂಜಿನಿಯರ್

ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಳೆಯ ಕಟ್ಟಡಗಳಲ್ಲಿ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಕೊಳವೆಗಳು ಬಚ್ಚಲುಮನೆಗೆ ಒಂದು, ಅಡುಗೆಮನೆಗೆ ಒಂದು, ಬಟ್ಟೆ ಒಗೆಯುವ ಜಾಗಕ್ಕೆ ಒಂದು ಎಂಬಂತೆ ಬೇರೆ ಬೇರೆ ಡಕ್ಟುಗಳಲ್ಲಿ (ಕೊಳವೆಗಳು ಹಾದುಹೋಗಲು ಬಿಟ್ಟ ಕಿರುದಾರಿಗಳಲ್ಲಿ) ಬರುತ್ತವೆ. ಎರಡು ಬೆಡ್‌ರೂಮಿನ ಮನೆಗೆ ಮೂರೋ ನಾಲ್ಕೋ, ಮೂರು ಬೆಡ್‌ರೂಮಿನದಕ್ಕೆ ನಾಲ್ಕೋ ಐದೋ ಒಳಹರಿವುಗಳಿರುವುದು ಸಾಮಾನ್ಯ. ಪ್ರತಿಯೊಂದಕ್ಕೂ ಮೀಟರ್ ಬೇಕು. ಒಂದನ್ನು ಬಿಟ್ಟರೂ ಆ ಮನೆಯವರು ಆ ನಲ್ಲಿಯಿಂದಲೇ ಬಕೆಟ್ ತುಂಬಿಸಲು ತೊಡಗುತ್ತಾರೆ, ಮತ್ತೆ ಅದೇ ಜಗಳ. ಆದ್ದರಿಂದ ಬೆಲೆ ವಿಚಾರಿಸುವಾಗ ಅರವತ್ತು ಮೀಟರಿಗೆ ಕೇಳಬೇಡಿ. ಮೊದಲು ಎಲ್ಲ ಡಕ್ಟುಗಳನ್ನೂ ಪರೀಕ್ಷಿಸಿ ಒಳಹರಿವುಗಳನ್ನು ಎಣಿಸಿ, ಇನ್ನೂರರ ಆಸುಪಾಸಿನಲ್ಲಿ ಬರಬಹುದು.

ತಿರುಗುವ ಚಕ್ರವಿರುವ ಸಾಮಾನ್ಯ ಮೀಟರುಗಳು ಅಗ್ಗವಾಗಿ ಸಿಗುತ್ತವೆ. ಆದರೆ ಕೊಳವೆಬಾವಿಯ ಗಡಸು ನೀರಿನಲ್ಲಿ ಅವುಗಳೊಳಗೆ ಸುಣ್ಣದ ಪದರ ಕಟ್ಟಿಕೊಂಡು ಕ್ರಮೇಣ ಚಕ್ರ ನಿಧಾನವಾಗುತ್ತದೆ. ಟ್ಯಾಂಕ್ ಖಾಲಿಯಾಗಿ ಮತ್ತೆ ತುಂಬುವಾಗ ಕೊಳವೆಯಲ್ಲಿ ಸೇರಿದ ಗಾಳಿ ಹೊರಹೋಗುತ್ತಾ ಚಕ್ರವನ್ನು ಸುಮ್ಮನೆ ತಿರುಗಿಸುತ್ತದೆ, ನೀರಿಲ್ಲದೆಯೂ ಅಂಕಿ ಏರುತ್ತದೆ. ಮೇಲಿನ ಮಹಡಿಯಲ್ಲಿ ಒತ್ತಡವೇ ಕಡಿಮೆಯಿರುವುದರಿಂದ ಅಂಥ ಮೀಟರ್ ಕೂರಿಸಿದರೆ ಷವರಿನಲ್ಲಿ ನೀರು ಇನ್ನೂ ಸಣ್ಣಗಾಗುತ್ತದೆ. ಶಬ್ದತರಂಗಗಳಿಂದ ಹರಿವನ್ನು ಅಳೆಯುವ ಅಲ್ಟ್ರಾಸೋನಿಕ್ ಮೀಟರಿನಲ್ಲಿ ತಿರುಗುವ ಭಾಗವಿಲ್ಲ, ಒತ್ತಡದ ನಷ್ಟವೂ ಅಲ್ಪ. ಬೆಲೆ ಮಾತ್ರ ಹೆಚ್ಚು, ಬ್ಯಾಟರಿ ಮುಗಿದ ಮೇಲೆ ಏನು ಎಂಬುದನ್ನು ಖರೀದಿಗೆ ಮೊದಲೇ ಕೇಳಿ ಬರಹದಲ್ಲಿ ಪಡೆಯಬೇಕು.

ಇನ್ನೊಂದು ಅನ್ಯಾಯವನ್ನು ಯಾರೂ ಗಮನಿಸುವುದಿಲ್ಲ. ಕೆಳಮಹಡಿಯಲ್ಲಿ ಒತ್ತಡ ಹೆಚ್ಚಿರುವುದರಿಂದ ಅದೇ ನಲ್ಲಿಯನ್ನು ಅಷ್ಟೇ ಹೊತ್ತು ತೆರೆದರೂ ಮೇಲಿನ ಮಹಡಿಗಿಂತ ಹೆಚ್ಚು ನೀರು ಸುರಿಯುತ್ತದೆ. ಮೀಟರ್ ಹಾಕುವಾಗಲೇ ಕೆಳಮಹಡಿಗಳ ಕೊಳವೆಗಳಿಗೆ ಒತ್ತಡ ತಗ್ಗಿಸುವ ವಾಲ್ವನ್ನೂ, ಎಲ್ಲ ನಲ್ಲಿಗಳಿಗೆ ಏರೇಟರನ್ನೂ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ, ನಲ್ಲಿಯ ಬಾಯಿಗೆ ಕೂರಿಸುವ ಸಣ್ಣ ಜಾಲರಿ) ಹಾಕಿಸಿ. 2024ರ ಬೇಸಿಗೆಯಲ್ಲಿ ಜಲಮಂಡಳಿಯು ಅಪಾರ್ಟ್‌ಮೆಂಟುಗಳಿಗೆ ಏರೇಟರನ್ನು ಕಡ್ಡಾಯಗೊಳಿಸಿದ್ದು ನಿಮಗೆ ನೆನಪಿರಬಹುದು. ಮೀಟರಿಗೆ ಹೋಲಿಸಿದರೆ ಅದರ ಖರ್ಚು ಏನೇನೂ ಅಲ್ಲ.

ಮೀಟರ್ ಬರುವ ಮೊದಲೇ ಸೋರಿಕೆ ಹಿಡಿಯುವ ಸರಳ ಉಪಾಯವೂ ಇದೆ. ಫ್ಲಷ್ ಟ್ಯಾಂಕಿನೊಳಗೆ ಅಡುಗೆಗೆ ಬಳಸುವ ಬಣ್ಣವನ್ನು ಸ್ವಲ್ಪ ಬೆರೆಸಿ, ಇಪ್ಪತ್ತು ನಿಮಿಷ ಫ್ಲಷ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಲ್ವ್ ಸೋರುತ್ತಿದೆ ಎಂದೇ ಅರ್ಥ.

ಮಲ್ಲೇಶ್ವರದ ಅಮ್ಮನವರು ಮಳೆನೀರಿನ ಮಾತೆತ್ತಿದ್ದಾರೆ. ಖಂಡಿತ ಮಾಡಿಸಿ, ಆದರೆ ಅದರಿಂದ ಎಷ್ಟು ನಿರೀಕ್ಷಿಸಬೇಕೆಂಬುದು ತಿಳಿದಿರಲಿ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಅರವತ್ತು ಮನೆಗಳ ಐದು ಮಹಡಿಯ ಕಟ್ಟಡಕ್ಕೆ 1,300 ಚದರ ಮೀಟರ್ ಚಾವಣಿ ಇದೆಯೆಂದು ಹಿಡಿದು, ಶೇಕಡಾ 80ರಷ್ಟು ನೀರು ಕೈಗೆ ಸಿಕ್ಕರೂ ವರ್ಷಕ್ಕೆ ಹತ್ತು ಲಕ್ಷ ಲೀಟರ್. ಖಜಾಂಚಿಯವರ ಲೆಕ್ಕದಲ್ಲಿ ಅದು ನಿಮ್ಮ ಒಂದು ತಿಂಗಳ ಬಳಕೆ. ಅದರಲ್ಲೂ ಮಳೆಯ ಬಹುಪಾಲು ಮೇ ತಿಂಗಳಿಂದ ಅಕ್ಟೋಬರಿನವರೆಗೆ ಬರುತ್ತದೆ, ಟ್ಯಾಂಕರಿನ ಗೋಳು ಫೆಬ್ರವರಿಯಲ್ಲಿ ಶುರುವಾಗುತ್ತದೆ. ಹನ್ನೆರಡರಲ್ಲಿ ಒಂದು ಪಾಲು ಸಣ್ಣದೇನಲ್ಲ, ಆದರೆ ಅದು ಮೀಟರಿಗೆ ಪರ್ಯಾಯವಾಗಲಾರದು.

ಉತ್ತರ 4: ಬಾಡಿಗೆದಾರ

ಈ ಚರ್ಚೆಯಲ್ಲಿ ಬಾಡಿಗೆಯವರ ಮಾತು ಇಲ್ಲವೇ ಇಲ್ಲ. ನಾವು ಸಭೆಯಲ್ಲಿ ಮತ ಹಾಕುವಂತಿಲ್ಲ, ಆದರೆ ನಿರ್ವಹಣಾ ಶುಲ್ಕವನ್ನು ಹೆಚ್ಚಿನ ಕಡೆ ನಾವೇ ಕಟ್ಟುತ್ತೇವೆ. ಮೀಟರ್ ಅಳವಡಿಸುವ ಖರ್ಚು ಮಾಲೀಕರದ್ದೇ ಆಗಿರಬೇಕು, ಏಕೆಂದರೆ ನಾವು ಮನೆ ಬಿಟ್ಟುಹೋದ ಮೇಲೂ ಮೀಟರ್ ಅಲ್ಲೇ ಉಳಿಯುತ್ತದೆ. ಮನೆಯೊಳಗಿನ ಹಳೆಯ ಫ್ಲಷ್, ತುಕ್ಕು ಹಿಡಿದ ನಲ್ಲಿಗಳನ್ನು ಮಾಲೀಕರು ಸರಿಪಡಿಸಿಕೊಡದೆ ಸೋರಿದ ನೀರಿನ ಬಿಲ್ಲನ್ನು ಬಾಡಿಗೆದಾರನಿಗೆ ಹಚ್ಚುವುದು ತಪ್ಪು. ಮೊದಲ ಬಿಲ್ಲು ಹೊರಡುವ ಮುನ್ನ ಪ್ರತಿ ಮನೆಯ ಸೋರಿಕೆಯನ್ನೂ ಸಂಘವೇ ಪರೀಕ್ಷಿಸಿ ಮಾಲೀಕರಿಗೆ ತಿಳಿಸಲಿ.

ಉತ್ತರ 5: ನಿವೃತ್ತ ವಕೀಲ

ಕಾನೂನಿನ ಪ್ರಶ್ನೆಗೆ ಸಂಬಂಧಿಸಿ ಒಂದೆರಡು ಮಾತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯ 10ನೇ ಕಲಮಿನ ಪ್ರಕಾರ, ಸಾಮಾನ್ಯ ಖರ್ಚುಗಳನ್ನು ಮಾಲೀಕರಿಗೆ ಕಟ್ಟಡದ ಸಾಮಾನ್ಯ ಜಾಗ ಮತ್ತು ಸೌಲಭ್ಯಗಳಲ್ಲಿ ಅವರವರಿಗಿರುವ ಅವಿಭಜಿತ ಹಕ್ಕಿನ ಶೇಕಡಾವಾರು ಪ್ರಮಾಣದಲ್ಲಿ ಹಂಚಬೇಕು. ಚದರಡಿಯ ಲೆಕ್ಕ ಬಂದದ್ದು ಇದೇ ತತ್ವದಿಂದ. ಎಲ್ಲ ಮನೆಗಳಿಗೂ ಸಮಪಾಲು ಎಂಬ ಸಲಹೆ ನೋಡಲು ಸರಳವಾಗಿದ್ದರೂ ಈ ಕಲಮಿಗೆ ಎದುರಾಗಿ ನಿಲ್ಲುತ್ತದೆ. ಆದರೆ ನನ್ನ ಮನೆಯೊಳಗೆ ನಾನೇ ಬಳಸಿ ಮುಗಿಸಿದ, ಅಳೆಯಲು ಸಾಧ್ಯವಿರುವ ನೀರು ಸಾಮಾನ್ಯ ಖರ್ಚಿನ ವ್ಯಾಪ್ತಿಗೆ ಬರುವುದಿಲ್ಲ, ಅದು ಆ ಮನೆಯ ವಿದ್ಯುತ್ ಬಿಲ್ಲಿನಂತೆಯೇ ಸ್ವಂತ ಖರ್ಚು ಎಂದು ವಾದಿಸುವುದಕ್ಕೆ ಬಲವಾದ ಆಧಾರವಿದೆ. ಆದ್ದರಿಂದ ಖಜಾಂಚಿಯವರು ಹೇಳಿದ ಎರಡು ಭಾಗದ ಬಿಲ್ಲು ಕಾನೂನಿನ ದೃಷ್ಟಿಯಿಂದಲೂ ಹೆಚ್ಚು ಸುರಕ್ಷಿತ ಎಂದು ನನ್ನ ಅಭಿಪ್ರಾಯ.

ನಿಮ್ಮ ಸಂಘದ ಉಪವಿಧಿಗಳಲ್ಲಿ (ಬೈಲಾ) ನೀರಿನ ಬಗ್ಗೆ ಏನು ಬರೆದಿದೆ ಎಂಬುದನ್ನು ಮೊದಲು ಓದಿ, ಬದಲಾವಣೆ ಬೇಕಿದ್ದರೆ ಅಲ್ಲಿ ಹೇಳಿರುವ ಬಹುಮತದಿಂದಲೇ ತಿದ್ದುಪಡಿ ಮಾಡಿಸಿ. ವಾಟ್ಸಾಪಿನಲ್ಲಿ ಕೈ ಎತ್ತಿಸಿದ್ದನ್ನು ನಿರ್ಣಯವೆಂದು ಬರೆದುಕೊಳ್ಳಬೇಡಿ. ಹಾಗೆಯೇ, ಬಾಕಿ ಉಳಿಸಿಕೊಂಡವರ ಮನೆಯ ನೀರನ್ನು ನಿಲ್ಲಿಸುವ ಆಲೋಚನೆ ಯಾರಿಗಾದರೂ ಇದ್ದರೆ ಅದನ್ನು ಕೈಬಿಡಿ. ಬಾಕಿ ವಸೂಲಿಗೆ ಬೇರೆ ದಾರಿಗಳಿವೆ; ಕುಡಿಯುವ ನೀರಿಗೆ ಕೈಹಾಕುವುದು ಮನುಷ್ಯತ್ವವಲ್ಲ.

ಪ್ರಶ್ನೆ ಕೇಳಿದವರಿಂದ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞನಾಗಿದ್ದೇನೆ. ಇದನ್ನೆಲ್ಲ ಓದಿದ ಮೇಲೆ ಸಭೆಯ ಮುಂದೆ ಇಡಬೇಕಾದ ಪ್ರಸ್ತಾವ ಸ್ವಲ್ಪ ಸ್ಪಷ್ಟವಾಗಿದೆ. ಮೊದಲು ಎಲ್ಲ ಮನೆಗಳಲ್ಲಿ ಸೋರಿಕೆಯ ಪರೀಕ್ಷೆ, ಏರೇಟರ್ ಮತ್ತು ಒತ್ತಡದ ವಾಲ್ವ್. ಅದಾದ ಮೇಲೆ ಮೀಟರ್, ಮಾಲೀಕರ ಖರ್ಚಿನಲ್ಲಿ. ಮೊದಲ ಆರು ತಿಂಗಳು ಬಿಲ್ಲು ಹಳೆಯ ರೀತಿಯಲ್ಲೇ ಇದ್ದು, ಮೀಟರಿನ ಅಂಕಿ ಆಯಾ ಮನೆಯವರಿಗೆ ಮಾತ್ರ ತಿಳಿಯುವಂತೆ ಮಾಡೋಣ ಎಂದುಕೊಂಡಿದ್ದೇನೆ. ನೋಟಿಸ್ ಬೋರ್ಡಿನಲ್ಲಿ ಯಾರ ಅಂಕಿಯೂ ಬರಬಾರದು ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಮನಸ್ಸು ಹೊಯ್ದಾಡುತ್ತಿದೆ. ಹಾಸಿಗೆ ಹಿಡಿದವರು, ಎಳೆಮಕ್ಕಳು ಇರುವ ಮನೆಗಳಿಗೆ ರಿಯಾಯಿತಿ ಕೊಡುವುದಾದರೆ ಅದನ್ನು ಹೇಗೆ ರೂಪಿಸಬೇಕು?

ಉತ್ತರ 1ರ ಖಜಾಂಚಿಯಿಂದ

ದರವನ್ನು ಎರಡು ಹಂತ ಮಾಡಿ. ಮನೆಯಲ್ಲಿರುವ ಪ್ರತಿಯೊಬ್ಬರಿಗೂ ದಿನಕ್ಕೆ 135 ಲೀಟರಿನಂತೆ ತಿಂಗಳಿಗೆ 4,050 ಲೀಟರನ್ನು ಕಾವೇರಿಯ ಅಗ್ಗದ ದರದಲ್ಲಿ ಕೊಡಿ, ಅದನ್ನು ಮೀರಿದ್ದಕ್ಕೆ ಟ್ಯಾಂಕರಿನ ದರ ಹಾಕಿ. ಆಗ ಆರು ಜನರ ಮನೆಗೆ 24,300 ಲೀಟರಿನವರೆಗೆ ಯಾವ ಹೊರೆಯೂ ಬೀಳುವುದಿಲ್ಲ, ಇಬ್ಬರೇ ಇದ್ದು 20,000 ಲೀಟರ್ ಬಳಸುವ ಮನೆಗೆ ಬಿಸಿ ತಟ್ಟುತ್ತದೆ. ರೋಗಿಗಳಿರುವ ಮನೆಗೆ ಇನ್ನೊಬ್ಬರ ಪಾಲನ್ನು ಹೆಚ್ಚುವರಿಯಾಗಿ ಸೇರಿಸಿದರೆ ಸಾಕು, ವೈದ್ಯರ ಚೀಟಿ ಕೇಳುವ ಅಗತ್ಯವೂ ಇಲ್ಲ.

ಉತ್ತರ 2ರ ಗೃಹಿಣಿಯಿಂದ

ತಲೆಗೆ ಇಷ್ಟು ಎಂಬ ಭಾಗ ಇದರಲ್ಲಿ ಉಳಿದಿರುವುದರಿಂದ ಈ ಕ್ರಮಕ್ಕೆ ನನ್ನ ವಿರೋಧವಿಲ್ಲ. ಆದರೆ ಎರಡು ಶರತ್ತುಗಳನ್ನು ನಿಮ್ಮ ನಿರ್ಣಯದಲ್ಲೇ ಬರೆದಿಡಿ. ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದನ್ನು ಮನೆಯವರೇ ಬರೆದುಕೊಡಬೇಕು, ಸೆಕ್ಯೂರಿಟಿಯವರನ್ನು ಬಾಗಿಲಿಗೆ ಕಳಿಸಿ ಎಣಿಸಬಾರದು. ಹೆರಿಗೆಗೆಂದು ತವರಿಗೆ ಬಂದ ಮಗಳು, ಚಿಕಿತ್ಸೆಗೆಂದು ಊರಿನಿಂದ ಬಂದ ಅಣ್ಣ ತಮ್ಮಂದಿರು ತಿಂಗಳುಗಟ್ಟಲೆ ಇರುತ್ತಾರೆ. ಆ ಅವಧಿಗೆ ಅವರ ಪಾಲನ್ನು ಸೇರಿಸಲು ಒಂದು ಪತ್ರ ಸಾಕಾಗಬೇಕು. ಸಂಘವು ಇಷ್ಟನ್ನು ಒಪ್ಪಿದರೆ ಮೀಟರ್ ಹಾಕುವುದಕ್ಕೆ ನನ್ನಂಥವರಿಂದ ಅಡ್ಡಿ ಬರುವುದಿಲ್ಲ.